ಎತ್ತಿದ ಹಿಮ್ಮಡಿ

ಭಾನುವಾರ, ಮೂರನೇ ತಾರೀಕು, ಬೆಳಿಗ್ಗೆ

ನನ್ನ ಚುಕ್ಕಿಗೆ,

ಅಮ್ಮನ ನೆನಪುಗಳು. ನೀನು, ಅಳಿಯಂದಿರು, ನಮ್ಮ ಪುಟಾಣಿ ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನೂ ಚೆನ್ನಾಗಿದ್ದೇನೆ. ಎಡಗಡೆಯ ಮೊಣಕಾಲೊಂದನ್ನು ಬಿಟ್ಟರೆ ಮೈಯ ಮಿಕ್ಕ ಭಾಗಗಳೆಲ್ಲ ಹೇಳಿದ ಮಾತು ಕೇಳುತ್ತಿವೆ.

ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿ ಇತ್ತು, ಕಣ್ಣುನೋವಿತ್ತು ಅಂತೆಲ್ಲ ಬರೆದು, ಆ ಹಾಳೆ ಹರಿದುಹಾಕಿ, ಇದು ಎರಡನೆಯದು. ನೆಪಕ್ಕೇನು ಬರವೇ? ನೀನು ಕೇಳಿದ ಪ್ರಶ್ನೆ ನುಂಗಲಾರದ ತುತ್ತಾಗಿತ್ತು, ಅದಕ್ಕೇ ತಡವಾಯಿತು. ಕ್ಷಮಿಸು ಮಗಳೇ.

ನೀನು ಬರೆದದ್ದು ಇಷ್ಟೇ: 'ಅಮ್ಮ, ಕಾರಂಜಿ ಹತ್ರ ನಾನು ತಪ್ಪಿಸಿಕೊಂಡ ಕಥೆ ಪೂರ್ತಿ ಬರಿ. ಇಪ್ಪತ್ತನೇ ತಾರೀಕು ಪಾರ್ಕು ತೆರೆದಾಗ ಪುಟಾಣೀನ ಅಲ್ಲೇ ನಿಲ್ಲಿಸಿ ಹೇಳ್ಬೇಕು. ಅವಳಿಗೂ ಈಗ ನಾಲ್ಕು ವರ್ಷ. ಆ ಒದ್ದೆ ಕೂದಲಿನ ಹುಡುಗಿ ನಿಜವಾಗ್ಲೂ ಇದ್ಳಾ, ಇಲ್ಲಾ ನಾನೇ ಕಟ್ಟಿದ್ದಾ?'

ಬಲೂನಿನವನು ಬಂದ, ನೀನು ನನ್ನ ಬೆರಳು ಬಿಟ್ಟು ಅವನ ಹಿಂದೆ ಓಡಿದೆ, ನಾನು ಊರೆಲ್ಲ ಹುಡುಕಿ ಸಂಜೆ ಕಾರಂಜಿಯ ಬೆಂಚಿನ ಮೇಲೆ ನಿನ್ನನ್ನು ಕಂಡೆ. ಮೂವತ್ತು ವರ್ಷದಿಂದ ಇದನ್ನೇ ಹೇಳಿ ನಗಿಸಿದ್ದೇನೆ. ಅಳಿಯಂದಿರು ನಿನ್ನನ್ನು ರೇಗಿಸುವುದೂ ಇದಕ್ಕೇ ಅಲ್ಲವೇ? ರೈಲು ಹತ್ತು ಗಂಟೆಗಾದರೆ ನೀನು ಎಂಟಕ್ಕೇ ಸ್ಟೇಷನ್ನಿನಲ್ಲಿರುತ್ತೀಯ, ಪುಟಾಣಿಯ ಶಾಲೆ ಬಿಡುವ ಅರ್ಧ ಗಂಟೆ ಮುಂಚೆಯೇ ಗೇಟಿಗೆ ಅಂಟಿಕೊಂಡು ನಿಂತಿರುತ್ತೀಯ ಅಂತ. 'ಅತ್ತೆ, ಇವಳಿಗೆ ಚಿಕ್ಕಂದಿನಲ್ಲಿ ಗಡಿಯಾರ ನುಂಗಿಸಿದ್ರಾ?' ಅಂತ ಕೇಳಿದ್ದರು ಒಮ್ಮೆ. ನಾನೂ ನಕ್ಕಿದ್ದೆ. ಆ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಕಾರಂಜಿಯ ಸುದ್ದಿ ಹೇಳಲೇಬೇಕು, ಏಕೆಂದರೆ ಅದರ ಕಲ್ಲಿನ ಅಕ್ಷರ ತಿದ್ದುವ ಕೆಲಸ ನನಗೇ ಬಂದಿದೆ.

ಬೇಡ ಅಂದೆ. ಮೂವತ್ತು ವರ್ಷ ಆ ಪಾರ್ಕಿನ ಗೇಟು ದಾಟಿದವಳಲ್ಲ ನಾನು. ಆದರೆ ಊರಿನಲ್ಲಿ ಕೈಯಿಂದ ಅಕ್ಷರ ಕೆತ್ತುವವಳು ನಾನೊಬ್ಬಳೇ ಉಳಿದಿರುವುದು, ಮಿಕ್ಕವರೆಲ್ಲ ಮೆಷಿನ್ನು ತಂದುಕೊಂಡಿದ್ದಾರೆ. ಪಾರ್ಕಿನ ಸಮಿತಿಯ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ಟರು, ಮನೆಗೇ ಬಂದು ಕುರ್ಚಿಯಲ್ಲಿ ಬೇರುಬಿಟ್ಟು ಕೂತರು. ಒಪ್ಪಿಕೊಂಡ ಮೇಲೇ ಎದ್ದದ್ದು.

ನಿನಗೆ ಆ ಕಲ್ಲಿನ ಹೆಂಗಸು ನೆನಪಿರಬಹುದು. ತೊಟ್ಟಿಯ ನಡುವೆ ಪೀಠ, ಅದರ ಮೇಲೆ ಆಳೆತ್ತರದ ಹೆಂಗಸು. ಒಂದು ಅಂಗೈಯನ್ನು ಕೆಳಕ್ಕೆ ಚಾಚಿದ್ದಾಳೆ, ಆ ಅಂಗೈಯಿಂದ ನೀರು ಬೀಳುತ್ತದೆ. ಪೀಠದ ಮೇಲೆ ಒಂದೇ ಪದ. ಮೊದಲ ಅಕ್ಷರದ ತಲೆ ಸವೆದು ಹೊಟ್ಟೆ ಮಾತ್ರ ಉಳಿದಿದೆ, ಪಕ್ಕದ 'ಯಿ' ಚೆನ್ನಾಗಿ ಕಾಣುತ್ತದೆ. ಊರಿಗೆ ಊರೇ ಅದನ್ನು 'ತಾಯಿ' ಅಂತ ಓದಿದೆ, ತಾಯಿ ಕಾರಂಜಿ ಅಂತಲೇ ಕರೆದಿದೆ. ಕೈಯಿಂದ ನೀರು ಕೊಡುವವಳು, ನಮ್ಮ ಕಡೆ ನಡೆದು ಬರುವವಳು. ಶಾಲೆಯ ಮಕ್ಕಳು ಇದರ ಮೇಲೆ ಪ್ರಬಂಧ ಬರೆಯುತ್ತಾರಂತೆ.

ನನ್ನ ಯಜಮಾನರು, ಅಂದರೆ ನನಗೆ ಉಳಿ ಹಿಡಿಯಲು ಕಲಿಸಿದ ಮುದುಕರು, ಎರಡು ಪಾಠ ಹೇಳಿದ್ದರು. ಒಂದು, ಸವೆದ ಅಕ್ಷರವನ್ನು ಕಣ್ಣಿನಿಂದ ಓದಬೇಡ, ಕಾಗದ ಇಟ್ಟು ಇದ್ದಿಲು ಉಜ್ಜಿ ಅಚ್ಚು ತೆಗೆದು ಓದು. ಎರಡು, ಉಳಿ ಇಡುವ ಮುಂಚೆ ಪದವನ್ನು ಗಟ್ಟಿಯಾಗಿ ಒಂದು ಸಲ ಹೇಳು. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರಲ್ಲ, ಕಲ್ಲು ಎರಡಕ್ಕಿಂತ ಕೆಟ್ಟದ್ದು ಕಣಮ್ಮ' ಅನ್ನುತ್ತಿದ್ದರು.

ಅಚ್ಚು ತೆಗೆದೆ. ಕಾಗದದ ಮೇಲೆ ನಡುವಿನ ಅಡ್ಡಗೆರೆ ನಿಧಾನವಾಗಿ ಮೂಡಿತು. ಅದು 'ತ' ಅಲ್ಲ. 'ಕ'.

ಕಾಯಿ.

ಅಭ್ಯಾಸಬಲ ನೋಡು, ಗಟ್ಟಿಯಾಗಿ ಹೇಳಿಯೇಬಿಟ್ಟೆ. ಹೇಳಿದ ಮೇಲೆ ತಲೆ ಎತ್ತಿ ಆ ಹೆಂಗಸನ್ನು ನೋಡಿದೆ. ಅವಳ ಬಲಗಾಲಿನ ಹಿಮ್ಮಡಿ ನೆಲದಿಂದ ಎದ್ದಿದೆ. ಮುಖ ಮಾತ್ರ ಭುಜದ ಮೇಲಿಂದ ಹಿಂದಕ್ಕೆ ತಿರುಗಿದೆ. ಅಂಗೈ ಹಿಂದಕ್ಕೆ ಚಾಚಿದೆ, ನಾಲ್ಕು ವರ್ಷದ ಮಗುವಿನ ಎತ್ತರಕ್ಕೆ. ಅವಳು ಬರುತ್ತಿಲ್ಲ ಚುಕ್ಕಿ. ಅವಳು ಹೋಗುತ್ತಿದ್ದಾಳೆ. ಇಲ್ಲೇ ಕಾಯಿ ಅಂತ ಯಾರಿಗೋ ಹೇಳಿ ಹೋಗುತ್ತಿದ್ದಾಳೆ. ಇಷ್ಟು ವರ್ಷ ಸಾವಿರಾರು ಜನ ಅವಳ ಮುಂದೆ ಫೋಟೋ ತೆಗೆಸಿಕೊಂಡಿದ್ದಾರೆ, ಒಬ್ಬರೂ ಹಿಮ್ಮಡಿ ನೋಡಿಲ್ಲ.

ಹೆಡ್‌ಮಾಸ್ಟರು ಬಿದ್ದು ಬಿದ್ದು ನಕ್ಕರು. 'ಕಾಯಿನಾ? ಕಾರಂಜಿ ಮೇಲೆ ಕಾಯಿ ಅಂತ ಕೆತ್ತಿದ್ರೆ ಜನ ಇದೇನು ತರಕಾರಿ ಮಾರ್ಕೆಟ್ಟಾ ಅಂತಾರೆ! ಊರೆಲ್ಲ ತಾಯಿ ಅನ್ನುತ್ತೆ, ನೀವು ತಾಯಿ ಅಂತಲೇ ಕೆತ್ತಿ.'

'ಅಳಿಸಿ ಹೋದದ್ದನ್ನ ಬರೆಯೋದು ನನ್ನ ಕೆಲಸ ಸಾರ್. ಬೇರೆ ಏನೋ ಬರೆಯೋದಲ್ಲ' ಅಂದೆ.

'ಒಂದೇ ಒಂದು ಗೆರೆ ಅಮ್ಮಾ. ಅದಕ್ಕೆ ಇಷ್ಟು ಹಟವಾ?'

ಒಂದೇ ಗೆರೆ. ನಾನು ಅಚ್ಚಿನ ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡೆ.

ಇನ್ನೊಂದು ಸಂಗತಿ ಇದೆ. ಹೆದರಬೇಡ, ನಾನೂ ಮೊದಲು ಹೆದರಲಿಲ್ಲ. ಅಲ್ಲಿ ಪಂಪು ನೋಡಿಕೊಳ್ಳುವ ಹಿರಿಯರೊಬ್ಬರಿದ್ದಾರೆ. ಬಿಸಿಲಿದ್ದರೆ ಬಿಸಿಲು, ಮೋಡವಿದ್ದರೆ ಮೋಡ, ಎಲ್ಲದಕ್ಕೂ ಗೊಣಗುತ್ತಾರೆ. ಅವರಿಗೆ ನಾನು ಮನಸ್ಸಿನಲ್ಲೇ ಗೊಣಗಪ್ಪ ಅಂತ ಹೆಸರಿಟ್ಟಿದ್ದೇನೆ. ಪ್ರತಿ ದಿನ ಸಂಜೆ ನಾಲ್ಕು ನಲವತ್ತಕ್ಕೆ ಕಾರಂಜಿ ತಾನಾಗಿಯೇ ನಿಲ್ಲುತ್ತದೆ. ನೂರು ಎಣಿಸುವಷ್ಟು ಹೊತ್ತು. ಮತ್ತೆ ತಾನೇ ಶುರುವಾಗುತ್ತದೆ. ಮೊದಲ ದಿನ ನಾನು ಕೇಳಿದ್ದಕ್ಕೆ ಗೊಣಗಪ್ಪ, 'ಪೈಪಲ್ಲಿ ಗಾಳಿ ಸಿಕ್ಕೊಳ್ಳುತ್ತೆ, ಅಷ್ಟೇ. ಮೂರು ಪಂಪು ಬದಲಾಯಿಸಿದೀನಿ. ಗಾಳಿಗೇನು ಪಂಪಿನ ಭಯವಾ?' ಅಂದರು.

'ದಿನಾ ಅದೇ ಹೊತ್ತಿಗಾ ಅಣ್ಣಾ?'

'ಗಾಳಿಗೂ ಶಿಸ್ತು ಬೇಡ್ವೇನಮ್ಮ.'

ನೀರು ನಿಂತ ಆ ಹೊತ್ತಿನಲ್ಲಿ ತೊಟ್ಟಿಯ ಕಟ್ಟೆಯಿಂದ ಬೆಂಚಿನವರೆಗೆ ಒದ್ದೆ ಹೆಜ್ಜೆಗಳು ಮೂಡುತ್ತವೆ. ಪುಟ್ಟ ಪಾದ, ನನ್ನ ಅಂಗೈಗಿಂತ ಚಿಕ್ಕದು, ಐದೂ ಬೆರಳು ಸ್ಪಷ್ಟ. ರಿಪೇರಿಗೆಂದು ಪಾರ್ಕಿನ ಸುತ್ತ ತಗಡು ಕಟ್ಟಿದ್ದಾರೆ, ಒಳಗೆ ಮಕ್ಕಳು ಬರುವುದಿಲ್ಲ. ಬೆಂಚಿನ ತನಕ ಹೋಗುವ ಹೆಜ್ಜೆ ಇರುತ್ತದೆ, ವಾಪಸು ಬರುವ ಹೆಜ್ಜೆ ಇರುವುದಿಲ್ಲ. ಬೆಂಚಿನ ಬಲತುದಿ ಒದ್ದೆಯಾಗಿರುತ್ತದೆ. ಅಲ್ಲಿ ಕೂತರೆ ಗೇಟು ನೇರವಾಗಿ ಕಾಣುತ್ತದೆ.

'ನೋಡಿದೀರಾ ಅಣ್ಣಾ ಇದನ್ನ?' ಅಂತ ಕೇಳಿದೆ.

ಗೊಣಗಪ್ಪ ಆ ದಿನ ಗೊಣಗಲಿಲ್ಲ. ಪಂಪ್ ರೂಮಿಗೆ ಹೋಗಿ ತುಕ್ಕು ಹಿಡಿದ ಒಂದು ತಗಡಿನ ಡಬ್ಬಿ ತಂದು ನನ್ನ ಕೈಗಿಟ್ಟರು. 'ನನ್ನ ಮುಂಚೆ ಇದ್ದವರು ಕೊಟ್ಟದ್ದು. ಅವರಿಗೆ ಅವರ ಮುಂಚಿನವರು. ಓದಿದ ಮೇಲೆ ನನ್ನ ಹತ್ರ ಅದರ ಮಾತು ಎತ್ತಬೇಡಮ್ಮ' ಅಂದರು.

ಒಳಗೆ ಒಂದು ಹಳೆಯ ಕಾಗದ. ಕಾರಂಜಿ ಕಟ್ಟಿಸಿದ ಹೆಂಗಸು ಶಿಲ್ಪಿಗೆ ಬರೆದದ್ದು. ಒಂದು ಪುಟ ಕೂಡ ಇಲ್ಲ. ಪದ ಪದ ಇಲ್ಲಿ ಇಳಿಸುತ್ತೇನೆ:

'ಹಿಮ್ಮಡಿ ಎತ್ತಿರಲಿ. ಮುಖ ಹಿಂದೆ ತಿರುಗಿರಲಿ. ನಾನು ತಿರುಗಿ ನೋಡಿದ್ದೆ, ಅದು ಅವಳಿಗೆ ಗೊತ್ತಾಗಲಿ. ನೀರು ಕೈಯಿಂದ ಬೀಳಲಿ. ನಾನು ಆಡಿದ್ದು ಒಂದೇ ಮಾತು, ಅದನ್ನೇ ಕೆತ್ತಿ. ಕಾರಂಜಿ ಆ ಬಾವಿಯ ಮೇಲೇ ಬರಬೇಕು, ಆದರೆ ಬಾವಿಯ ಬಾಯಿ ಮುಚ್ಚಬೇಡಿ. ಕಂಬಿ ಹಾಕಿ ಸಾಕು. ಅಲ್ಲಿ ಒಂದು ಮಗು ಕಾಯುತ್ತಿದೆ.'

ಕೆಳಗೆ 'ತಾಯಿ' ಅಂತ ಸಹಿ ಹಾಕಿ, ಅದನ್ನು ತಾನೇ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದಾಳೆ.

ಇವತ್ತಿಗೆ ಪೆನ್ನು ಮುಚ್ಚುತ್ತೇನೆ. ಮಿಕ್ಕದ್ದು ಇನ್ನೊಂದು ದಿನ ಬರೆಯುತ್ತೇನೆ.

ಬುಧವಾರ, ಮಧ್ಯಾಹ್ನ

ಚುಕ್ಕೀ, ನಿನ್ನೆ ಕೆಲಸ ಮುಗಿಯಿತು. ನೀನು ನಗುತ್ತೀಯೋ ಬೈಯುತ್ತೀಯೋ ಗೊತ್ತಿಲ್ಲ. ಕಲ್ಲು ಹೇಳಿದ್ದನ್ನೇ ಕೆತ್ತಿದ್ದೇನೆ. ಹೆಡ್‌ಮಾಸ್ಟರು ಇನ್ನೂ ನೋಡಿಲ್ಲ, ಪೀಠಕ್ಕೆ ಬಟ್ಟೆ ಸುತ್ತಿದೆ. ಇಪ್ಪತ್ತನೇ ತಾರೀಕು ಭಾಷಣ ಮುಗಿಸಿ ಬಟ್ಟೆ ಎಳೆದಾಗ ನೋಡಲಿ. ಎಷ್ಟೆಂದರೂ ವ್ಯಾಕರಣ ಕಲಿಸಿದವರು, ಆ ಒಂದು ಗೆರೆಗೆ ಏನಾದರೂ ಅರ್ಥ ಹಚ್ಚುತ್ತಾರೆ.

ಆದರೆ ನಾನು ಇನ್ನೊಂದು ಪದವನ್ನೂ ಕೆತ್ತಿದೆ. ಅದನ್ನು ಯಾರೂ ಕೇಳಿರಲಿಲ್ಲ.

ತೊಳೆಯಲೆಂದು ನಿನ್ನೆ ಬೆಳಿಗ್ಗೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿದ್ದರು. ಪೀಠದ ಬುಡದಲ್ಲಿ, ನೀರು ತುಂಬಿದರೆ ಮುಳುಗುವ ಜಾಗದಲ್ಲಿ, ಅಂಗೈಯಗಲ ನಯವಾದ ಕಲ್ಲು ಕಂಡಿತು. ಅದರ ಪಕ್ಕದಲ್ಲೇ ಬಾವಿಯ ಕಂಬಿ. ಮಂಡಿಯೂರಿ ಕೂತೆ. ಕಂಬಿಯೊಳಗಿಂದ ತಣ್ಣನೆಯ ಗಾಳಿ ಬರುತ್ತಿತ್ತು, ಆಗಷ್ಟೇ ತೊಳೆದ ತಲೆಗೂದಲಿನ ವಾಸನೆಯಿತ್ತು ಅದಕ್ಕೆ. ಇದನ್ನು ನಾನು ಗೊಣಗಪ್ಪನಿಗೂ ಹೇಳಿಲ್ಲ.

ಯಾರಾದರೂ ಕೂಗಿದರೆ ನಾವು ಏನನ್ನುತ್ತೇವೆ? ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ, ಆದರೂ 'ಬಂದೆ, ಬಂದೆ' ಅನ್ನುತ್ತೇವೆ. ಬರುವ ಮುಂಚೆಯೇ ಬಂದಾಯಿತು ಅನ್ನುವುದು ನಮ್ಮ ಮಾತಿನ ಗುಣ. ಅದೇ ಪದ ಕೆತ್ತಬೇಕೆನಿಸಿತು. ಯಜಮಾನರ ಪಾಠದಂತೆ ಉಳಿ ಇಡುವ ಮುಂಚೆ ಗಟ್ಟಿಯಾಗಿ ಹೇಳಿದೆ.

'ಬಂದೆ.'

ಕೆಳಗೆ ಎಲ್ಲೋ ನೀರು ಕಲಕಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ತೊಟ್ಟಿಯ ಆಚೆ ಗೊಣಗಪ್ಪ ಪೈಪಿಗೆ ಬೈಯುವುದು ಕೇಳಿಸುತ್ತಿತ್ತು. ನಾನು ಕೆತ್ತಲು ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಎಡಗೈಗೆ ಚಳಿಯಾಯಿತು. ನೋಡಿದರೆ, ಒಣಗಿದ ಕೈಗವಸಿನ ಎರಡು ಬೆರಳು ಮಾತ್ರ ಒದ್ದೆ. ತೋರುಬೆರಳು ಮತ್ತು ಪಕ್ಕದ್ದು. ಯಾರೋ ಹಿಡಿದುಕೊಂಡ ಹಾಗೆ. ನೀನು ಚಿಕ್ಕವಳಿದ್ದಾಗ ನನ್ನ ಕೈ ಹಿಡಿಯುತ್ತಿರಲಿಲ್ಲ, ಆ ಎರಡು ಬೆರಳನ್ನೇ ಹಿಡಿಯುತ್ತಿದ್ದೆ.

ಹೆದರಿದೆ, ಸುಳ್ಳು ಹೇಳುವುದಿಲ್ಲ. ಆದರೂ ಕೈ ಕೊಡವಲಿಲ್ಲ. ಒಂದೇ ಕೈಯಿಂದ ಕೆತ್ತಲಾಗುವುದಿಲ್ಲವಲ್ಲ, ಹಾಗಾಗಿ ಸುಮ್ಮನೆ ಕೂತೆ. ಆ ಬೆರಳುಗಳು ಬೆಚ್ಚಗಾಗುವ ತನಕ ಕೂತು, ಆಮೇಲೆ ಕೆಲಸ ಮುಗಿಸಿದೆ.

ಸಂಜೆ ತೊಟ್ಟಿ ತುಂಬಿಸಿ ಪಂಪು ಹಾಕಿದರು. ಗೊಣಗಪ್ಪ ಗಡಿಯಾರ ಹಿಡಿದು ನಿಂತಿದ್ದರು. ನಾಲ್ಕು ಮೂವತ್ತೊಂಬತ್ತು, ನಲವತ್ತು, ನಲವತ್ತೊಂದು. ಕಾರಂಜಿ ನಿಲ್ಲಲಿಲ್ಲ. ನಲವತ್ತೈದಾಯಿತು. 'ಇದೇನಮ್ಮ ಇದು, ನಿಲ್ತಾ ಇಲ್ಲ! ಏನು ಮಾಡಿದೆ ನೀನು?' ಅಂತ ನನ್ನ ಮೇಲೇ ಹರಿಹಾಯ್ದರು. ಕೆಟ್ಟದ್ದನ್ನು ಸರಿಮಾಡಿದ್ದಕ್ಕೆ ಬೈಸಿಕೊಂಡವಳು ನಾನೊಬ್ಬಳೇ ಇರಬೇಕು. ಬೆಂಚು ಒಣಗಿಯೇ ಇತ್ತು. ಮಗು ಹೋಯಿತು, ಬಿಡುಗಡೆಯಾಯಿತು ಅಂತ ಸಮಾಧಾನಪಟ್ಟು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿಯಿತ್ತು. ಕೂರಲು ಬಂದ ಹೆಂಗಸು ಕೈಯಿಂದ ಮುಟ್ಟಿ ನೋಡಿ, 'ಅಯ್ಯೋ, ಒದ್ದೆ' ಅಂತ ಮುಂದೆ ಹೋದಳು.

ಆಗ ಹೊಳೆಯಿತು ನೋಡು ನನ್ನ ತಪ್ಪು. ಯಜಮಾನರಿದ್ದಿದ್ದರೆ ಕಿವಿ ಹಿಂಡುತ್ತಿದ್ದರು. ನಾನು ಬಂದೆ, ನೀನು ಬಂದೆ: ನಮ್ಮಲ್ಲಿ ಎರಡಕ್ಕೂ ಅದೇ ಪದ. ಯಾರು ಅಂತ ನಾನು ಕೆತ್ತಲೇ ಇಲ್ಲ. ಅವಳು ಅದನ್ನು ತನ್ನ ಮಾತೆಂದೇ ಓದಿಕೊಂಡಳೋ ಏನೋ, ಬಂದೇಬಿಟ್ಟಳು. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಮೆಟ್ಟಿಲಿನಿಂದ ಅಡುಗೆಮನೆಯವರೆಗೆ ಪುಟ್ಟ ಹೆಜ್ಜೆಗಳು. ಒಣಬಟ್ಟೆಯಿಂದ ಒರೆಸಿದೆ. ಆಮೇಲೆ ಏನನ್ನಿಸಿತೋ, ನಿನ್ನ ಹಳೆಯ ಟವೆಲನ್ನು ಕುರ್ಚಿಯ ಮೇಲೆ ಹಾಕಿಟ್ಟೆ. ಇದನ್ನು ಬರೆಯುತ್ತಾ ಈಗ ತಿರುಗಿ ನೋಡಿದೆ. ಟವೆಲು ಒದ್ದೆಯಾಗಿದೆ, ಮಡಿಸಿಟ್ಟಿದೆ.

ಪುಟಾಣಿಗೆ ನನ್ನ ಮುತ್ತು. ಅವಳ ಆಯಸ್ಸು ದೊಡ್ಡದಾಗಲಿ, ಹಟ ಚಿಕ್ಕದಾಗಲಿ. ಅಳಿಯಂದಿರ ಬೆನ್ನುನೋವು ಬೇಗ ವಾಸಿಯಾಗಲಿ. ನೀನು ನಿಂತ ನೆಲ ಗಟ್ಟಿಯಾಗಿರಲಿ ಮಗಳೇ, ನಿನ್ನನ್ನು ಯಾರೂ ಎಲ್ಲಿಯೂ ಕಾಯಿಸದಿರಲಿ.

ಇಂತಿ,
ನಿನ್ನ ಅಮ್ಮ

ಮತ್ತೆ: ಲಕೋಟೆಗೆ ಅಂಟು ಹಚ್ಚಿದ್ದೆ, ಬಿಚ್ಚಿದೆ. ನೀನು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಬಲೂನಿನವನು ಇರಲಿಲ್ಲ ಚುಕ್ಕಿ. ನೀನು ತಪ್ಪಿಸಿಕೊಳ್ಳಲಿಲ್ಲ. ನಾನು ಬಿಟ್ಟು ಹೋದೆ.

ನಿನ್ನಪ್ಪ ತೀರಿಹೋಗಿ ಏಳು ತಿಂಗಳಾಗಿತ್ತು. ದೂರದ ಊರಿನ ಕಲ್ಲಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಇರಲು ಕೋಣೆಯೂ ಇತ್ತು, 'ಮಕ್ಕಳಿರೋರು ಬೇಡ' ಅಂದಿದ್ದರು. ಇದು ನಡೆದದ್ದು ಅಷ್ಟೇ, ಇದರಿಂದ ತಪ್ಪು ಸಣ್ಣದಾಗುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ನಿನ್ನನ್ನು ಆ ಬೆಂಚಿನ ಮೇಲೆ ಕೂರಿಸಿದೆ. 'ಇಲ್ಲೇ ಕಾಯಿ. ನಾನು ಹೋಗ್ತೀನಿ' ಅಂದೆ. ನೀನು ಕಾಲು ಆಡಿಸುತ್ತಾ ದೊಡ್ಡವರ ಹಾಗೆ ಗದರಿದೆ: 'ಹೋಗ್ತೀನಿ ಅನ್ಬಾರ್ದು ಅಮ್ಮ. ಬರ್ತೀನಿ ಅನ್ಬೇಕು.' ಅದನ್ನು ನಿನಗೆ ಕಲಿಸಿದವಳು ನಾನೇ. ನಾನು ಎದ್ದು ನಿಂತೆ. ನೀನು ನನ್ನ ಎರಡು ಬೆರಳು ಬಿಡಲೇ ಇಲ್ಲ. 'ಅನ್ನು ಅಮ್ಮ, ಅನ್ನು' ಎಂದು ಹಟ ಹಿಡಿದೆ. ಬೆರಳು ಬಿಡಿಸಿಕೊಳ್ಳಲೆಂದು ನಾನು 'ಬರ್ತೀನಿ' ಅಂದುಬಿಟ್ಟೆ.

ರೈಲು ಹತ್ತಿದೆ. ಎಷ್ಟೋ ಸ್ಟೇಷನ್ನು ದಾಟಿದ ಮೇಲೆ ಎದುರಿನ ಸೀಟಿನ ಮುದುಕಿ ಇಳಿಯುವಾಗ, ಗುರುತು ಪರಿಚಯ ಇಲ್ಲದಿದ್ದರೂ, 'ಬರ್ತೀನಮ್ಮ' ಅಂದಳು. ನಾನೂ ಅವಳ ಹಿಂದೆಯೇ ಇಳಿದುಬಿಟ್ಟೆ. ಪ್ರೀತಿ ನನ್ನನ್ನು ವಾಪಸು ಎಳೆಯಿತು ಅಂತ ಬರೆಯಲು ಆಸೆ. ಎಳೆದದ್ದು ನೀನು ಹೇಳಿಸಿದ ಆ ಒಂದು ಮಾತು.

ನಾನು ಗೇಟಿಗೆ ಬಂದಾಗ ನಾಲ್ಕು ನಲವತ್ತು. ಕಾರಂಜಿ ನಿಂತಿತ್ತು. ನೀನು ಅಲ್ಲೇ ಕೂತಿದ್ದೆ, ನಿನ್ನ ಪಕ್ಕದ ಜಾಗ ಒದ್ದೆಯಾಗಿತ್ತು. 'ಅವಳಮ್ಮ ಇನ್ನೂ ಬಂದಿಲ್ಲ, ಅವಳನ್ನೂ ಕರ್ಕೊಂಡು ಹೋಗೋಣ' ಅಂದೆ ನೀನು. ಅಲ್ಲಿ ಯಾರೂ ಇಲ್ಲ ಅಂತ ಹೇಳಿ ನಿನ್ನನ್ನು ಎಳೆದುಕೊಂಡು ಓಡಿದೆ. ಇದ್ದಳು ಚುಕ್ಕಿ. ನೀನು ಕಟ್ಟಿದ್ದಲ್ಲ. ಕಟ್ಟಿದವಳು ನಾನು.

ಮೇಲೆ 'ಅಮ್ಮ' ಅಂತ ಸಹಿ ಹಾಕಿದ್ದೇನೆ. ಅದರ ಮೇಲೆ ಗೆರೆ ಎಳೆಯುವುದಿದ್ದರೆ ನೀನೇ ಎಳೆ, ನನ್ನ ಕೈಯಿಂದ ಆಗಲಿಲ್ಲ. ಇಪ್ಪತ್ತನೇ ತಾರೀಕು ಬಾ ಎನ್ನಲು ನನಗೆ ಬಾಯಿಲ್ಲ. ಬೆಳಿಗ್ಗೆ ಹತ್ತೂವರೆಗೆ ನಾನು ಆ ಬೆಂಚಿನ ಮೇಲೆ ಕೂತಿರುತ್ತೇನೆ, ಗೇಟು ಮುಚ್ಚುವ ತನಕ. ಬಲತುದಿ ಅವಳಿಗೆ ಬಿಟ್ಟಿರುತ್ತೇನೆ. ಕಾಯುವುದು ಹೇಗೆ ಅಂತ ನನಗೆ ಗೊತ್ತಿಲ್ಲ, ಅವಳು ಹೇಳಿಕೊಡುತ್ತಾಳೆ.